ಫೋನಿನೊಳಗಿನ ಗುಂಡಮ್ಮ

ಜನವರಿ 9, ಗುರುವಾರ

ಇದು ನಾನು ಕೆಲಸ ಮಾಡುವ ಸ್ಕೂಟರ್ ಶೋರೂಮಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ರಟ್ಟಿನ ಮೇಲೆ ಕೆಂಪು ಸ್ಕೂಟರಿನ ಚಿತ್ರ, ಪ್ರತಿ ಪುಟದ ಕೆಳಗೆ ‘ಇಂದೇ ಬುಕ್ ಮಾಡಿ’ ಎಂಬ ಸಾಲು. ಬಾಣಂತಿ ಫೋನ್ ನೋಡಬಾರದು, ಟಿವಿ ನೋಡಬಾರದು, ಪುಸ್ತಕ ಓದಬಾರದು, ಕಣ್ಣು ಮಂಜಾಗುತ್ತದೆ ಎಂದು ಕುಣಿಗಲ್ ಸರ್ಕಾರದ ಆಜ್ಞೆಯಾಗಿದೆ. ಬರೆಯಬಾರದು ಅಂತ ಮಾತ್ರ ಅಪ್ಪಣೆಯಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕುಣಿಗಲ್ ಸರ್ಕಾರ ಎಂದರೆ ನಮ್ಮತ್ತೆ ಪುಟ್ಟತಾಯಮ್ಮನವರು. ಬಾಣಂತನ ತವರಿನಲ್ಲಿ ಆಗುವುದು ಲೋಕರೂಢಿ. ಗುಬ್ಬಿಯಲ್ಲಿ ನಮ್ಮಮ್ಮ ಖಾರದ ಪುಡಿ ಕುಟ್ಟಿಸಿ, ಹಳೇ ಸೀರೆಗಳನ್ನು ಒಗೆದು ಮಡಿಸಿ, ಎಲ್ಲ ತಯಾರಿ ಮಾಡಿಕೊಂಡು, ಕೊನೆಗೆ ಕೊಬ್ಬರಿ ಅಟ್ಟದಿಂದ ಇಳಿಯುವಾಗ ಜಾರಿ ಬಲಗೈ ಮುರಿದುಕೊಂಡರು. ಹಾಗಾಗಿ ಮಾರ್ಕೋನಹಳ್ಳಿ ಡ್ಯಾಮಿನ ಕೆಳಗಿನ ಊರಿನಿಂದ ಅತ್ತೆಯವರು ಒಂದು ಮೂಟೆ ರಾಗಿ, ಒಂದು ಚೀಲ ಕಾಯಿ, ಧೂಪ ಹಾಕಲು ಒಂದು ಚೀಲ ಕರಟ ಸಮೇತ ಕ್ಯಾತ್ಸಂದ್ರದ ನಮ್ಮ ಬಾಡಿಗೆ ಮನೆಗೆ ಬಂದಿಳಿದರು. ಸೊಸೆಗೆ ಅತ್ತೆ ಬಾಣಂತನ ಮಾಡುವುದು ಯಾವ ಶಾಸ್ತ್ರದಲ್ಲಿದೆಯೋ! ಅಮ್ಮನಾಗಿದ್ದರೆ ಜಗಳವಾಡಬಹುದಿತ್ತು. ಇವರ ಹತ್ತಿರ ಬರೀ ತಲೆಯಾಡಿಸಬೇಕು.

ಆಸ್ಪತ್ರೆಯಲ್ಲಿ ಎಲ್ಲರೂ ಪಾಪುವಿನ ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ನೋಡುತ್ತಿದ್ದರೆ ಅತ್ತೆ ತಲೆ ಹಿಡಿದು ಸುಳಿ ನೋಡಿದರು. ಅವರ ಮನೆಯಲ್ಲಿ ಸುಳಿ ನೋಡದೆ ಎತ್ತಿನ ಹಗ್ಗ ಹಿಡಿಯುವುದಿಲ್ಲವಂತೆ.

“ನೆತ್ತಿ ಮೇಲೊಂದು, ಹಣೆ ಎಡಕ್ಕೊಂದು. ಎರಡು ಸುಳಿ ಕಣವ್ವ! ಹಟಮಾರಿ ಆಗ್ತಾಳೆ ನೋಡ್ತಿರು” ಎಂದರು.

ನನ್ನ ಮಗಳೇನು ಎತ್ತಲ್ಲ ಅನ್ನೋಣವೆಂದರೆ ಹೊಟ್ಟೆಯ ಹೊಲಿಗೆ ನೋಯುತ್ತಿತ್ತು. ತಲೆಯಾಡಿಸಿದೆ.

ಜನವರಿ 18

ಫೋನನ್ನು ದಿಂಬಿನ ಹಿಂದೆ ಇಟ್ಟುಕೊಂಡಿದ್ದೇನೆ. ಪಾಪು ಹಾಲು ಕುಡಿಯುವಾಗ ಸೆರಗಿನ ಮರೆಯಲ್ಲಿ ಅವಳಿಗೆ ಅವಳ ಊಟ, ನನಗೆ ನನ್ನ ಊಟ.

ಬಸುರಿಯಾಗಿದ್ದಾಗ ಒಂದು ಆ್ಯಪ್ ಹಾಕಿಕೊಂಡಿದ್ದೆ. ಈ ವಾರ ನಿಮ್ಮ ಕಂದ ನಿಂಬೆಹಣ್ಣಿನಷ್ಟು, ಈ ವಾರ ಮಾವಿನಕಾಯಿಯಷ್ಟು ಎಂದು ತರಕಾರಿ ಮಾರ್ಕೆಟ್ಟಿನವರಂತೆ ಹೇಳುತ್ತಿತ್ತು. ಹೆರಿಗೆಯ ದಿನವನ್ನೂ ಅದಕ್ಕೆ ಹೇಳಿದ್ದೆ. ಈಗ ಅದು ಮಾತು ಬದಲಿಸಿದೆ. ಬೆಳಿಗ್ಗೆ ಎದ್ದರೆ ಒಂದೇ ಪ್ರಶ್ನೆ: ‘ಅಮ್ಮಾ, ನಿಮ್ಮ ಹಾಲು ನಿಮ್ಮ ಕಂದನಿಗೆ ಸಾಕಾಗುತ್ತಿದೆಯೇ?’

ನನ್ನ ಗಂಡ ಲಕ್ಷ್ಮೀಕಾಂತ್ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ಊಟ ಆಯ್ತಾ ಎಂದು ಕೂಡ ಕೇಳುವುದಿಲ್ಲ. ಫೋನಿಗೆ ಎಷ್ಟು ಕಾಳಜಿ!

ಅದರಲ್ಲೇ ಒಂದು ಲಿಂಕ್ ಒತ್ತಿ ‘ಅಮ್ಮಂದಿರ ಜಗಲಿ’ ಎಂಬ ಗ್ರೂಪಿಗೆ ಸೇರಿದೆ. ಚೈತನ್ಯ ಅಕ್ಕ ಅಂತ ಒಬ್ಬರು ನಡೆಸುತ್ತಾರೆ. ಎಲ್ಲರನ್ನೂ ‘ತಂಗ್ಯಮ್ಮ’ ಎನ್ನುತ್ತಾರೆ. ಇಲ್ಲಿ ಮನೆಯಲ್ಲಿ ಎಲ್ಲರೂ ‘ಏನವ್ವ’ ಎನ್ನುವಾಗ ಅದು ಕಿವಿಗೆ ಹಿತವಾಗಿರುತ್ತದೆ.

ಜನವರಿ 31

ಸಂಜೆಯಾದರೆ ಪಾಪು ಅಳುತ್ತಾಳೆ. ಕುಡಿಯುತ್ತಾಳೆ, ಬಿಡುತ್ತಾಳೆ, ಮತ್ತೆ ಅಳುತ್ತಾಳೆ, ಮತ್ತೆ ಬೇಕು. ಜಗಲಿಯಲ್ಲಿ ಕೇಳಿದೆ. ಚೈತನ್ಯ ಅಕ್ಕ ತಕ್ಷಣ ಉತ್ತರ ಕೊಟ್ಟರು. ‘ಪದೇ ಪದೇ ಹಾಲು ಕೇಳುವುದು ಹಸಿವಿನ ಗುರುತು ತಂಗ್ಯಮ್ಮ. ಎಷ್ಟೋ ತಾಯಂದಿರಿಗೆ ತಮ್ಮ ಹಾಲು ಕಮ್ಮಿ ಅಂತ ಗೊತ್ತೇ ಆಗೋದಿಲ್ಲ.’

ಅಯ್ಯೋ ದೇವರೇ.

ಸರ್ಕಾರವನ್ನು ಕೇಳಿದರೆ, “ಸಂಜೆ ಹೊತ್ತು ಕೂಸು ಅಳದೆ ಭಜನೆ ಮಾಡ್ತದಾ? ಬಾಯಿಗೆ ಕೊಡು, ಸುಮ್ನಿರು. ಸೇದೋ ಬಾವೀಲೇ ನೀರೂರೋದು” ಎಂದರು. ತೂಕ ಸರಿಯಾಗಿದೆ, ಚೆನ್ನಾಗಿ ಬೆಳೆಯುತ್ತಿದ್ದಾಳೆ ಅಂತ ಡಾಕ್ಟರ್ ಕೂಡ ಹೇಳಿದ್ದಾರೆ. ಆದರೆ ಅವರು ನೋಡಿದ್ದು ಎರಡು ನಿಮಿಷ. ಚೈತನ್ಯ ಅಕ್ಕ ದಿನಾ ವಿಚಾರಿಸುತ್ತಾರೆ.

ಫೆಬ್ರವರಿ 16, ಭಾನುವಾರ

ನಾಮಕರಣ ಆಯಿತು. ಇಂಪನಾ. ಅಮ್ಮ ಪ್ಲಾಸ್ಟರ್ ಬಿಚ್ಚಿಸಿಕೊಂಡು ಗುಬ್ಬಿಯಿಂದ ಬಂದಿದ್ದರು. ಬಂದವರು ನನ್ನ ಕಡೆ ಇರುತ್ತಾರೆ ಅಂದುಕೊಂಡರೆ ಅತ್ತೆಯ ಜೊತೆ ಸೇರಿ ಬಾಣಂತಿ ಖಾರದ ಅಳತೆ ಮಾತಾಡಿಕೊಂಡು ಇಬ್ಬರೂ ಒಂದಾಗಿಬಿಟ್ಟರು. ಅಮ್ಮನ ಕೈ ಇನ್ನೂ ಸೆಟೆದುಕೊಂಡೇ ಇದೆ, ಆದ್ದರಿಂದ ಸರ್ಕಾರ ಬದಲಾಗುವುದಿಲ್ಲ.

ಜಗಲಿಯಲ್ಲಿ ‘ಮುದ್ದು ಮುಖ’ ಅಂತ ಫೋಟೋ ಸ್ಪರ್ಧೆ ಇಟ್ಟಿದ್ದಾರೆ. ಊಟದ ಹೊತ್ತಿಗೆ ಹೇಳಿದೆ. ನಮ್ಮ ಯಜಮಾನರ ಕಣ್ಣು ಅರಳಿತು.

“ಕಳ್ಸೋಣ ಕಣೇ! ನಮ್ ಪಾಪುಗಲ್ದೆ ಇನ್ಯಾರಿಗ್ ಬರುತ್ತೆ ಪ್ರೈಜು?”

ಅತ್ತೆ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದರು. “ಏನ್ಲಾ, ತಲೆಗಿಲೆ ಕೆಟ್ಟೈತಾ? ಮೂರು ತಿಂಗ್ಳು ತುಂಬದ ಕೂಸ್ನ ಊರೋರ್ಗೆಲ್ಲ ತೋರ್ಸೀಯಾ? ಕಣ್ಣು ಬೀಳ್ತದೆ. ಕೂಡ್ದು ಅಂದ್ರೆ ಕೂಡ್ದು.”

ಅಲ್ಲಿಗೆ ಆ ಸುದ್ದಿ ಮುಗಿಯಿತು. ಸ್ನಾನ ಆದ ಕೂಡಲೇ ಪಾಪುವಿನ ಕೆನ್ನೆಗೆ ಕಾಸಿನಗಲ ದೃಷ್ಟಿಬೊಟ್ಟು ಇಡುತ್ತಾರೆ ಪುಣ್ಯಾತ್ಗಿತ್ತಿ. ಮಗು ಎಲ್ಲಿದೆ, ಬೊಟ್ಟು ಎಲ್ಲಿದೆ ಅಂತ ಹುಡುಕಬೇಕು.

ಮಾರ್ಚ್ 7

ಪಾಪುವನ್ನು ಬೋರಲು ಮಲಗಿಸಿದರೆ ತಲೆ ಎತ್ತಿ ಹುಲಿಯ ಹಾಗೆ ನೋಡುತ್ತಾಳೆ! ಇವರು ಜಮಖಾನದ ಮೇಲೆ ತಾವೂ ಬೋರಲು ಮಲಗಿ ಫೋಟೋ ತೆಗೆದದ್ದೇ ತೆಗೆದದ್ದು.

“ಸ್ಟೇಟಸ್‌ಗೆ ಹಾಕ್ಬೇಡ್ರೀ, ನಿಮ್ಮಮ್ಮ ಸುಮ್ನೆ ಬಿಡಲ್ಲ” ಎಂದೆ.

“ಸ್ಟೇಟಸ್‌ಗೆ ಹಾಕಲ್ಲ, ಆಣೆ” ಎಂದು ನಕ್ಕರು. ಅಮ್ಮನಿಗೆ ಹೆದರುವ ಗಂಡ ಸಿಕ್ಕಿದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ.

ಆದರೆ ಇವರು ತೆಗೆದ ಫೋಟೋ ನೋಡುತ್ತಾ ನನಗೆ ಪಾಪು ಸೊರಗಿದಂತೆ ಕಂಡಳು.

ಮಾರ್ಚ್ 22, ಶನಿವಾರ

ಇವತ್ತು ಫೋನಿನಲ್ಲಿ, ಜಗಲಿಯೊಳಗೆ, ಒಂದು ಮಗು ಬಂತು. ಅಬ್ಬಬ್ಬಾ, ಮಗು ಅಂದರೆ ಮಗು. ಬೆಣ್ಣೆ ಮುದ್ದೆ. ಗುಲಾಬಿ ಫ್ರಾಕ್, ಬಿಳಿ ಹಾಸಿಗೆ, ಕಿಟಕಿಯಿಂದ ಬಿಸಿಲು. ಬೋರಲು ಮಲಗಿ ತಲೆ ಎತ್ತಿ, ‘ನನ್ನಮ್ಮ ನನಗೆ ಏನೂ ಕಮ್ಮಿ ಮಾಡಿಲ್ಲ’ ಅನ್ನುವ ಹಾಗೆ ನೋಡುತ್ತದೆ. ಕೆಳಗೆ ಬರೆದಿದ್ದಾರೆ: ‘ಸಂಪೂರ್ಣ ಪೋಷಣೆ ಸಿಕ್ಕ ಕಂದ ಹೀಗಿರುತ್ತದೆ. ನಿಮ್ಮ ಕಂದ?’

ನಾನು ಅದಕ್ಕೆ ಗುಂಡಮ್ಮ ಅಂತ ಹೆಸರಿಟ್ಟಿದ್ದೇನೆ. ಅದರ ಮುಂಗೈಯಲ್ಲಿ ಮಡಿಕೆಯ ಮೇಲೆ ಮಡಿಕೆ. ಹಣೆಯ ಹತ್ತಿರ ಕೂದಲು ಎಷ್ಟು ಚೆಂದ ಸುತ್ತಿಕೊಂಡಿದೆ. ಹೆತ್ತವಳ ಪುಣ್ಯ.

ನಮ್ಮ ಪಾಪುವನ್ನು ಪಕ್ಕದಲ್ಲಿ ಮಲಗಿಸಿ ನೋಡಿದೆ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಯಾರದೋ ಮಗುವಿನ ಮೇಲೆ ಹೊಟ್ಟೆಕಿಚ್ಚು ಬಂತು.

ಚೈತನ್ಯ ಅಕ್ಕನಿಗೆ ಬರೆದೆ. ಡಬ್ಬಿ ಹಾಲಿನ ಪುಡಿ ಕೊಡು ಎಂದರು. ಅದರ ಹೆಸರು ಅವರು ಗ್ರೂಪಿನಲ್ಲಿ ಹೇಳುವುದಿಲ್ಲವಂತೆ, ನನಗೊಬ್ಬಳಿಗೇ ಕಳಿಸಿದರು. ‘ಆಫರ್ ಇವತ್ತಿಗೆ ಮಾತ್ರ ತಂಗ್ಯಮ್ಮ’ ಎಂದರು. ಅದೇ ಮಾತನ್ನು ನಾನು ಶೋರೂಮಿನಲ್ಲಿ ಕೂತು ವರ್ಷಪೂರ್ತಿ ಹೇಳುತ್ತೇನೆ. ಆದರೂ ತರಿಸಿದೆ.

ಮಾರ್ಚ್ 25

ಡಬ್ಬಿ ಬಂತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ ಅಂತ ಇಂಗ್ಲಿಷಿನಲ್ಲಿ ಬರೆದಿದೆ! ಮಾರುವವರೇ ಹೀಗೆ ಬರೆಯುತ್ತಾರೆಯೇ? ಆ ಸಾಲು ಕಣ್ಣಿಗೆ ಬೀಳದ ಹಾಗೆ ಡಬ್ಬಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹಪ್ಪಳದ ಡಬ್ಬದ ಹಿಂದೆ ಇಟ್ಟೆ.

ಅತ್ತೆ ಮಧ್ಯಾಹ್ನ ಮಲಗಿದಾಗ ಬಾಟಲಿಯಲ್ಲಿ ಕೊಟ್ಟೆ. ಪಾಪು ಗಟಗಟ ಕುಡಿದು ಮಲಗಿದಳು. ನೋಡಿದಿರಾ, ಹಸಿವೇ ಆಗಿತ್ತು.

ಏಪ್ರಿಲ್ 1

ಏಪ್ರಿಲ್ ಫೂಲ್ ಆದವಳು ನಾನೇ. ಮಹಡಿಯ ಮೇಲಿರುವ ಮನೆ ಮಾಲೀಕರು ರಾಮಾಂಜಿನಯ್ಯನವರು ಬಾಡಿಗೆ ನೆಪದಲ್ಲಿ ಬಂದು ಕೂತಿದ್ದರು. ಅತ್ತೆ ಕಾಫಿ ಕೊಟ್ಟರು. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

“ಪುಟ್ಟತಾಯಮ್ಮೋರೇ, ಏನ್ ಕಾಫಿ ರೀ ಇದು! ಹೈವೇ ಹೋಟ್ಲಲ್ಲೂ ಇಂಥದ್ ಕುಡ್ದಿಲ್ಲ.”

“ನಮ್ ಸೊಸೆ ತರ್ಸವ್ಳೆ, ಹಾಲಿನ್ ಪುಡಿ. ಹಾಲಿನೋನು ಇವತ್ತು ಬರ್ಲಿಲ್ಲ ನೋಡಿ, ನಾಕು ಚಮ್ಚ ಹಾಕ್ದೆ” ಎಂದರು ಅತ್ತೆ.

ಒಳಗೆ ಹೋಗಿ ನೋಡಿದರೆ ಡಬ್ಬಿ ಕಾಲು ಭಾಗ ಖಾಲಿ. ಪಾಪ, ಅವರಿಗೆ ಓದಲು ಬರುವುದಿಲ್ಲ. ಹೇಳೋಣವೆಂದರೆ ಯಾಕೆ ತರಿಸಿದೆ ಎಂದು ಕೇಳುತ್ತಾರೆ.

ಏಪ್ರಿಲ್ 5

ಕುಣಿಗಲ್ ಸರ್ಕಾರ ದಿನಾ ಎರಡು ಹೊತ್ತು ಅದೇ ಪುಡಿಯ ಕಾಫಿ ಮಾಡುತ್ತಿದೆ. ಈಗ ಹಾಲಿನವನು ಬಂದರೂ ಪುಡಿಯೇ. ಇವರಿಗೆ ಒಂದು ಲೋಟ, ರಾಮಾಂಜಿನಯ್ಯನವರಿಗೆ ಒಂದು ಲೋಟ. ಈ ಪುಡಿ ಮೆದುಳು ಬೆಳೆಸುತ್ತದೆ ಅಂತ ಚೈತನ್ಯ ಅಕ್ಕ ಹೇಳಿದ್ದರು; ಮನೆ ಮಾಲೀಕರ ಮೆದುಳಿನ ಬೆಳವಣಿಗೆಯ ಬಗ್ಗೆ ಇನ್ನು ಯಾರೂ ಚಿಂತಿಸಬೇಕಾಗಿಲ್ಲ.

ನಾನು ಇನ್ನೊಂದು ಡಬ್ಬಿ ತರಿಸಿ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟೆ.

ಏಪ್ರಿಲ್ 11

ತಮಾಷೆಯಿಲ್ಲ ಇವತ್ತು.

ಪಾಪು ಎದೆಗೆ ಹಾಕಿದರೆ ಎರಡು ಸಲ ಎಳೆದು, ಬೆನ್ನು ಬಿಲ್ಲು ಮಾಡಿ ಕಿರುಚುತ್ತಾಳೆ. ಬಾಟಲಿ ತಂದರೆ ಸುಮ್ಮನಾಗುತ್ತಾಳೆ. ಮೊದಲು ಅವಳು ಅತ್ತರೆ ಸಾಕು, ನನ್ನ ರವಿಕೆ ಒದ್ದೆಯಾಗುತ್ತಿತ್ತು. ಈಗ ಏನೂ ಇಲ್ಲ. ಬೆಳಿಗ್ಗೆ ಬಟ್ಟಲಿಗೆ ಹಿಂಡಿ ನೋಡಿದೆ. ತಳವೂ ಮುಚ್ಚಲಿಲ್ಲ. ಅದನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕೆಂದು ಅತ್ತೆ ಹೇಳಿದ್ದು ನೆನಪಾಗಿ ತೆಂಗಿನ ಸಸಿಯ ಬುಡಕ್ಕೆ ಹಾಕಿ ಬಂದೆ. ಅಲ್ಲೇ ನಿಂತು ಅತ್ತುಬಿಟ್ಟೆ.

ಚೈತನ್ಯ ಅಕ್ಕ ‘ನಾನು ಮೊದಲೇ ಹೇಳಿರಲಿಲ್ಲವೇ ತಂಗ್ಯಮ್ಮ’ ಎಂದು ಒಂದು ನಗುಮುಖ ಹಾಕಿದರು. ಪೂರ್ತಿ ಡಬ್ಬಿ ಹಾಲಿಗೇ ಬದಲಾಯಿಸಿಬಿಡು, ತಾಯಿ ನೆಮ್ಮದಿಯಾಗಿದ್ದರೆ ಮಗುವೂ ನೆಮ್ಮದಿ ಎಂದರು.

ಪಕ್ಕದ ಬೀದಿಯ ಅವಳಿ ಮಕ್ಕಳ ತಾಯಿಗೆ ಡಾಕ್ಟರೇ ಡಬ್ಬಿ ಹಾಲು ಬರೆದುಕೊಟ್ಟಿದ್ದಾರೆ. ಆ ಮಕ್ಕಳು ಚೆನ್ನಾಗಿಯೇ ಇವೆ. ಅವಳಿಗೆ ಬೇಕಿತ್ತು, ಕೊಟ್ಟಳು. ನನಗೆ ಹಾಗಲ್ಲ. ನನಗೆ ನನ್ನ ಮಗು ಎದೆಯಿಂದ ಮುಖ ತಿರುಗಿಸುವುದನ್ನು ನೋಡಲಾಗುತ್ತಿಲ್ಲ.

ಗುಂಡಮ್ಮ ಇವತ್ತೂ ಬಂದಿದ್ದಳು. ಅವಳ ಹಣೆಯ ಕೂದಲನ್ನು ದೊಡ್ಡದು ಮಾಡಿ ನೋಡಿದೆ. ಅವಳಮ್ಮ ಎಷ್ಟು ಆರಾಮಾಗಿರಬೇಕು.

ಏಪ್ರಿಲ್ 16, ಬುಧವಾರ

ಒಂದು ಕೈಯಲ್ಲಿ ಪಾಪು, ಅಕ್ಷರ ಸೊಟ್ಟಗಿದ್ದರೆ ಇರಲಿ.

ಅತ್ತೆ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದರು, ಕಾಯಿ ಕೀಳಿಸಬೇಕಿತ್ತು. ಸಂಜೆಗೆ ಬರುತ್ತೇನೆ, ಕೂಸಿಗೆ ನೀರು ತಪ್ಪಿಸಬೇಡ ಎಂದು ಹೇಳಿ ಹೋದರು. ಹುಟ್ಟಿದಾಗಿನಿಂದ ಪಾಪುವಿಗೆ ನೀರು ಹಾಕಿದವರು ಅವರೇ. ನಾನು ಒಂದು ದಿನವೂ ಹಾಕಿದವಳಲ್ಲ.

ಅವರ ಹಾಗೆಯೇ ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಪಾಪುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡೆ. ಮೊದಲ ಚೊಂಬಿಗೇ ಅವಳು ಕಿರುಚಿದಳು, ನಾನೂ ಕಿರುಚಿದೆ. ಎರಡನೆಯ ಚೊಂಬಿಗೆ ಇಬ್ಬರೂ ಸುಮ್ಮನಾದೆವು. ಬೆನ್ನು ಉಜ್ಜಿದರೆ ಕೈಗೆ ಮೆತ್ತಮೆತ್ತಗೆ ಸಿಗುತ್ತಿತ್ತು. ತೊಡೆಯಲ್ಲಿ ಮಡಿಕೆ, ಮುಂಗೈಯಲ್ಲಿ ಮಡಿಕೆ. ಎಲ್ಲಿತ್ತು ಇಷ್ಟು ದಿನ ಇದು? ಅವಳು ತಲೆ ಎತ್ತಿ ಹುಲಿಯ ಹಾಗೆ ನೋಡಿದಳು. ಒದ್ದೆಯಾದ ಕೂದಲು ಹಣೆಯ ಎಡಗಡೆ ಸುರುಳಿ ಸುತ್ತಿಕೊಂಡು ಎದ್ದು ನಿಂತಿತ್ತು.

ಇದನ್ನು ಎಲ್ಲೋ ನೋಡಿದ್ದೇನಲ್ಲ ಅಂದುಕೊಂಡೆ.

ಅತ್ತೆ ಮೊದಲ ದಿನವೇ ತೋರಿಸಿದ್ದರು. ಆದರೆ ನನಗೆ ನೆನಪಾದದ್ದು ಆಸ್ಪತ್ರೆಯಲ್ಲ, ಫೋನು.

ಟವೆಲಿನಲ್ಲಿ ಸುತ್ತಿಕೊಂಡು ಓಡಿದೆ. ಗುಂಡಮ್ಮನನ್ನು ತೆಗೆದು ಪಾಪುವಿನ ಪಕ್ಕ ಹಿಡಿದೆ. ಬಣ್ಣ ಬೆಳ್ಳಗೆ ಮಾಡಿದ್ದಾರೆ. ಜಮಖಾನ ತೆಗೆದು ಬಿಳಿ ಹಾಸಿಗೆ ಹಾಸಿದ್ದಾರೆ. ಇಲ್ಲದ ಫ್ರಾಕ್ ತೊಡಿಸಿದ್ದಾರೆ. ಕಾಸಿನಗಲದ ದೃಷ್ಟಿಬೊಟ್ಟು ಅಳಿಸಿ ಹಾಕಿದ್ದಾರೆ. ಆದರೆ ಸುಳಿ ಅದೇ. ನೋಟ ಅದೇ. ಮಡಿಕೆ ಅದೇ. ಇವರು ಮಾರ್ಚಿನಲ್ಲಿ ತೆಗೆದ ಫೋಟೋ ಅದು. ಆಗ ಒಂದು ಚಮಚ ಪುಡಿಯೂ ಈ ಮನೆಗೆ ಬಂದಿರಲಿಲ್ಲ.

ಗುಂಡಮ್ಮ ಕುಡಿದದ್ದು ನನ್ನ ಹಾಲು. ಗುಂಡಮ್ಮನ ಅಮ್ಮ ನಾನು.

ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಪಾಪು ಹೆದರಿ ಅಳತೊಡಗಿದಳು. ಒದ್ದೆ ಟವೆಲಿನಲ್ಲೇ ಎದೆಗೆ ಹಾಕಿಕೊಂಡೆ. ಕಿರುಚಿದಳು, ಬಿಟ್ಟಳು, ಮತ್ತೆ ಕಿರುಚಿದಳು. ಈ ಸಲ ನಾನು ಬಾಟಲಿ ತರಲು ಏಳಲಿಲ್ಲ. ನಾಲ್ಕನೆಯದೋ ಐದನೆಯದೋ ಸಲಕ್ಕೆ ಎಳೆದಳು. ಸ್ವಲ್ಪವೇ. ಆದರೂ ಎಳೆದಳು.

ಅದೇ ದಿನ, ಸಂಜೆ

ಶಿಫ್ಟ್ ಮುಗಿಸಿ ಬಂದ ಮಹಾಶಯರನ್ನು ಬಾಗಿಲಲ್ಲೇ ನಿಲ್ಲಿಸಿ ಫೋನ್ ತೋರಿಸಿದೆ.

“ಯಾರ ಮಗು ರೀ ಇದು?”

“ಚೆನ್ನಾಗೈತಲ್ಲ, ಯಾರ್ದೇ ಇದು?” ಎಂದರು ಮೊದಲು. ಅಪ್ಪನಿಗೂ ಗೊತ್ತಾಗಲಿಲ್ಲ! ಆಮೇಲೆ ಹಣೆ ನೋಡಿದರು, ಹೆಲ್ಮೆಟ್ ಕೈಯಿಂದ ಜಾರಿತು.

“ಯಶೂ... ಸ್ಪರ್ಧೆಗೆ ಕಳ್ಸಿದ್ದೆ ಕಣೇ. ಸ್ಟೇಟಸ್‌ಗೆ ಹಾಕಲ್ಲ ಅಂತ ಆಣೆ ಮಾಡಿದ್ದೆ, ಹಾಕ್ಲಿಲ್ಲ. ಒಪ್ಪಿಗೆ ಅಂತ ಎಲ್ಲೋ ಒತ್ತು ಅಂತು, ಒತ್ತಿದೆ. ಅದೆಲ್ಲ ಯಾರ್ ಓದ್ತಾರೆ? ಭಾಗವಹಿಸಿದ್ದಕ್ಕೆ ಸರ್ಟಿಫಿಕೇಟ್ ಕೊಟ್ರು. ಫ್ಯಾಕ್ಟ್ರಿ ಲಾಕರ್‌ನಲ್ಲಿ ಅಂಟ್ಸಿದೀನಿ.”

ಬೈಯಬೇಕೆಂದು ಬಾಯಿ ತೆರೆದೆ. ‘ಇಲ್ಲಿ ಟಿಕ್ ಮಾಡಿ ಸಾರ್, ಓದೋದೇನಿಲ್ಲ’ ಎಂದು ದಿನಾ ಗಿರಾಕಿಗಳಿಗೆ ಹೇಳುವವಳು ನಾನು. ಅರ್ಧ ಬೈದು ಬಿಟ್ಟೆ.

ಏಪ್ರಿಲ್ 19

ಜಗಲಿಯಲ್ಲಿ ಜಮಖಾನ, ದೃಷ್ಟಿಬೊಟ್ಟು ಎರಡೂ ಇರುವ ಅಸಲಿ ಫೋಟೋ ಹಾಕಿದೆ. ಕೆಳಗೆ ಬರೆದೆ: ‘ನೀವೆಲ್ಲ ನೋಡಿದ ಮಗು ಇದೇ. ಹೆಸರು ಇಂಪನಾ. ಈ ಫೋಟೋ ತೆಗೆದಾಗ ಅವಳು ಕುಡಿಯುತ್ತಿದ್ದದ್ದು ನನ್ನ ಹಾಲು ಮಾತ್ರ.’

ಚೈತನ್ಯ ಅಕ್ಕ ಈ ಸಲ ತಂಗ್ಯಮ್ಮ ಎನ್ನಲಿಲ್ಲ. ಅದನ್ನು ಅಳಿಸಿ ನನ್ನನ್ನು ಗ್ರೂಪಿನಿಂದ ತೆಗೆದರು. ಅಷ್ಟರೊಳಗೆ ಗುಬ್ಬಿಯ ಕಡೆಯ ಒಬ್ಬಳು ನನಗೊಬ್ಬಳಿಗೇ ಬರೆದಿದ್ದಳು: ‘ಅಕ್ಕ, ನಾನೂ ನಿಮ್ ಪಾಪು ನೋಡಿ ಡಬ್ಬಿ ತರ್ಸಿದೆ.’ ಅವಳಿಗೆ ಫೋನ್ ಮಾಡಿ ತುಂಬ ಹೊತ್ತು ಮಾತಾಡಿದೆ. ಎಳೆಮಕ್ಕಳ ಡಬ್ಬಿ ಹಾಲಿಗೆ ಹೀಗೆ ಜಾಹೀರಾತು ಕೊಡುವುದಕ್ಕೆ ಕಾನೂನೇ ಬಿಡುವುದಿಲ್ಲವೆಂದು ಇವರು ಎಲ್ಲೋ ಓದಿಕೊಂಡು ಬಂದು ದೂರು ಬರೆದಿದ್ದಾರೆ. ಈ ಸಲ ಕಳಿಸುವ ಮುಂಚೆ ಎರಡು ಸಲ ಓದಿದರು.

ಏಪ್ರಿಲ್ 24

ಗುಂಡಮ್ಮನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದು, ಹಾಲು ಕಮ್ಮಿಯಾದದ್ದು ಎಲ್ಲ ಅತ್ತೆಗೆ ಹೇಳಿದೆ, ಡಬ್ಬಿಯದ್ದೊಂದು ಬಿಟ್ಟು; ಅವತ್ತಿನಿಂದ ಅವರು ನನಗೂ ಅವ್ವ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ರಾಗಿ ಗಂಜಿ. ಮತ್ತೆ ಸಬ್ಬಸಿಗೆ ಸೊಪ್ಪು. ನನ್ನ ಮೈಯೆಲ್ಲ ಸಬ್ಬಸಿಗೆ ವಾಸನೆ. ಪಾಪು ಅತ್ತಾಗಲೆಲ್ಲ ಎದೆಗೆ. ಅವ್ವ ಬಾಗಿಲಲ್ಲಿ ಕೂತು, ಬಂದವರನ್ನೆಲ್ಲ “ಆಮೇಲ್ ಬನ್ನಿ, ನನ್ ಸೊಸೆ ಕೆಲ್ಸದಲ್ಲವ್ಳೆ” ಎಂದು ಕಳಿಸುತ್ತಾರೆ. ಬಾಟಲಿಯನ್ನು ಅವ್ವನ ಕಣ್ಣಿಗೆ ಬೀಳದಂತೆ, ಡಾಕ್ಟರು ಹೇಳಿದ ಹಾಗೆ ಮೆಲ್ಲಗೆ ಕಡಿಮೆ ಮಾಡುತ್ತಿದ್ದೇನೆ.

ಇವತ್ತು ಪಾಪು ಒಳಗೆ ಅತ್ತಳು, ನಾನು ಹೊರಗೆ ಬಟ್ಟೆ ಹರವುತ್ತಿದ್ದೆ. ರವಿಕೆ ಒದ್ದೆಯಾಯಿತು!

ಬೀದಿಯಲ್ಲಿ ಕುಣಿಯುವುದೊಂದು ಬಾಕಿ.

ಮೇ 4, ಭಾನುವಾರ

ಅಮಾವಾಸ್ಯೆಗೆ ಕಾಯುವುದಿಲ್ಲ, ಭಾನುವಾರವೇ ಸಾಕು ಎಂದು ಅವ್ವ ದೀಪ ಹಚ್ಚುವ ಹೊತ್ತಿಗೆ ದೃಷ್ಟಿ ತೆಗೆಯಲು ಕೂತರು. ಅದಕ್ಕೆ ಮುಂಚೆ ಲೋಟ ತೊಳೆಯುತ್ತಾ ಹೇಳಿದರು: “ಬೀರುನಲ್ಲಿದ್ದ ಕಾಫಿ ಪುಡೀನೂ ಮುಗೀತು ಕಣವ್ವ. ಇನ್ ತರಿಸ್ಬೇಡ ಬುಡು, ರಾಮಾಂಜಿನಯ್ಯಂಗೆ ಹೊಟ್ಟೆ ಬಂದ್ಬುಡ್ತು.” ಪಾಪ, ಇವತ್ತಿಗೂ ಅದನ್ನು ಕಾಫಿಗೇ ತರಿಸಿದ್ದೆಂದು ನಂಬಿದ್ದಾರೆ.

ಪಾಪು ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದಳು. ಅವ್ವ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸತೊಡಗಿದರು.

“ನಾಯಿ ಕಣ್ಣು, ನರಿ ಕಣ್ಣು, ಬಂದೋರ್ ಕಣ್ಣು, ಹೋದೋರ್ ಕಣ್ಣು, ಅಪ್ಪನ್ ಕಣ್ಣು...”

ಇವರು ತಲೆ ತಗ್ಗಿಸಿದರು. ಅವ್ವನ ಮುಷ್ಟಿ ನನ್ನ ಮುಖದ ಮುಂದೆ ಬಂದು ನಿಂತಿತು.

“ಅವ್ವನ್ ಕಣ್ಣು” ಎಂದು ನನ್ನ ತಲೆಗೆ ಆ ಮುಷ್ಟಿಯಲ್ಲೇ ಮೆಲ್ಲಗೆ ಒಂದು ಕುಟ್ಟಿದರು. “ಊರೋರ್ ಕಣ್ಣು ಬೀಳ್ತದೆ ಅಂತ ಬೊಟ್ಟಿಟ್ಟೆ. ಕಣ್ಣು ಹಾಕ್ದೋಳು ಮನೇಲೇ ಕೂತಿದ್ಲು!”

ಕರಟದ ಕೆಂಡಕ್ಕೆ ಮೆಣಸಿನಕಾಯಿ ಹಾಕಿದರು. ದೃಷ್ಟಿಯಾಗದಿದ್ದರೆ ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಬೇಕು. ಗಟ್ಟಿಯಾಗಿ ದೃಷ್ಟಿಯಾಗಿದ್ದರೆ ಘಾಟೇ ಬರುವುದಿಲ್ಲವಂತೆ. ಇದೆಲ್ಲ ನಾನು ನಂಬುವವಳಲ್ಲ. ಆದರೂ ಮೂವರೂ ಉಸಿರು ಹಿಡಿದು ಕಾದೆವು. ಮೆಣಸಿನಕಾಯಿ ಚಟಪಟ ಎಂದು ಕಪ್ಪಾಗಿ ಸುಟ್ಟು ಬೂದಿಯಾಯಿತು. ಪಾಪು ತನ್ನ ಪಾಡಿಗೆ ಕುಡಿಯುತ್ತಲೇ ಇದ್ದಳು.

ಯಾರಿಗೂ ಒಂದು ಕೆಮ್ಮು ಬರಲಿಲ್ಲ.